ಬೆಳೆ ಯಾರದು, ಮಳೆ ಯಾರದು?

ಒಂದು ಕಂಪನಿ ಗೆದ್ದರೆ ಕೀರ್ತಿ ಯಾರಿಗೆ ಸಲ್ಲಬೇಕು? ಕಟ್ಟಿದವರ ಜಾಣತನಕ್ಕೋ, ಕೂಡಿಬಂದ ಕಾಲಕ್ಕೋ? ನಮ್ಮ ಆಫೀಸಿನಲ್ಲಿ ಕೇಳಿದರೆ ಮೊದಲನೆಯದಕ್ಕೆ ಅಂತಾರೆ. ನಮ್ಮೂರ ಕಟ್ಟೆ ಮೇಲೆ ಕೇಳಿದರೆ ಎರಡನೆಯದಕ್ಕೆ. ಮಳೆ ನಂಬಿ ಬದುಕೋರಿಗೆ, ಮಳೆ ಚೆನ್ನಾಗಿ ಆದ ವರ್ಷ ಎಲ್ಲರೂ ಜಾಣ ರೈತರೇ ಅನ್ನೋದು ಗೊತ್ತು.

ಇನ್ಫೋಸಿಸ್ ಕಥೆಯನ್ನೇ ತಗೊಳ್ಳಿ. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ, 1983ರಲ್ಲಿ ಬೆಂಗಳೂರಿಗೆ ಬಂದದ್ದು. ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಮೊದಲ ಹತ್ತು ವರ್ಷದ ಕಥೆ ಯಾರೂ ಅಷ್ಟಾಗಿ ಹೇಳಲ್ಲ. ಕಂಪ್ಯೂಟರ್ ತರಿಸೋಕೆ ದೆಹಲಿಯ ಲೈಸೆನ್ಸ್ ಬೇಕು, ಫೋನಿಗೆ ತಿಂಗಳುಗಟ್ಟಲೆ ಕಾಯಬೇಕು, ಡಾಲರ್ ಬೇಕೆಂದರೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. 1990ರಲ್ಲಂತೂ ಕಂಪನಿಯನ್ನೇ ಮಾರಿಬಿಡೋಣವೇ ಅಂತ ಸ್ಥಾಪಕರೇ ಕೂತು ಮಾತಾಡಿದ್ದರು.

1991ರ ನಂತರವೂ ಅದೇ ಜನ, ಅದೇ ದುಡಿಮೆ. ಬದಲಾಗಿದ್ದು ಹವೆ. ಲೈಸೆನ್ಸ್ ಸಡಿಲವಾಯಿತು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳು ಉಪಗ್ರಹ ಸಂಪರ್ಕ ಕೊಟ್ಟವು. ರಫ್ತಿನ ಲಾಭಕ್ಕೆ ತೆರಿಗೆ ವಿನಾಯಿತಿ ಇತ್ತು. ಹೊಸ ಷೇರಿನ ಬೆಲೆಗೆ ಸರಕಾರದ ಒಪ್ಪಿಗೆ ಪಡೆಯಬೇಕೆಂಬ ಪದ್ಧತಿ 1992ರಲ್ಲಿ ಹೋಯಿತು; 1993ರಲ್ಲಿ ಕಂಪನಿ ಷೇರುಪೇಟೆಗೆ ಬಂತು, 1999ರಲ್ಲಿ ಅಮೆರಿಕದ ನಾಸ್ಡಾಕ್‌ಗೆ.

ಹಾಗಾದರೆ ಎಲ್ಲ ಮಳೆಯ ಮಹಿಮೆಯೇ? ಅಲ್ಲ. ಆ ಮಳೆ ಎಲ್ಲರ ಹೊಲಕ್ಕೂ ಬಿತ್ತು. ನೀವು ಮಾರೋದಾದರೆ ನಿಮ್ಮ ಪಾಲನ್ನು ನಾನೇ ಕೊಳ್ತೀನಿ ಅಂತ 1990ರಲ್ಲಿ ನಾರಾಯಣ ಮೂರ್ತಿ ಪಟ್ಟು ಹಿಡಿಯದಿದ್ದರೆ, ಮರುವರ್ಷ ಮಳೆ ಬಂದಾಗ ಹೊಲವೇ ಇರ್ತಿರಲಿಲ್ಲ. ಆಮೇಲೆ ನೌಕರರಿಗೂ ಷೇರು ಹಂಚಿದ್ದು, ಲೆಕ್ಕಪತ್ರ ತೆರೆದಿಟ್ಟದ್ದು ಅವರದೇ ತೀರ್ಮಾನ. ತಂತ್ರ ಅಂದರೆ ಇದೇ, ಹೊಲ ಹಸನು ಮಾಡಿಟ್ಟುಕೊಂಡು ಹದ ನೋಡಿ ಬಿತ್ತೋದು.

ಇದರಲ್ಲೊಂದು ನೈತಿಕ ಪ್ರಶ್ನೆಯೂ ಇದೆ. ಗೆಲುವು ಪೂರ್ತಿ ನಂದೇ ಅಂದುಕೊಂಡವನಿಗೆ ತೆರಿಗೆ ಲೂಟಿಯ ಹಾಗೆ ಕಾಣುತ್ತೆ, ಸೋತವನು ದಡ್ಡನ ಹಾಗೆ. ಎಂಬತ್ತರ ದಶಕದಲ್ಲಿ ಲೈಸೆನ್ಸಿಗೆ ಕಾದು ಕಾದು ಬಾಗಿಲು ಮುಚ್ಚಿದವರೆಲ್ಲ ದಡ್ಡರಾಗಿದ್ದರಾ? ಇತ್ತ, ಎಲ್ಲ ಕಾಲದ ಆಟ ಅಂದವನು ಬಿತ್ತೋದನ್ನೇ ಬಿಡ್ತಾನೆ. ಎರಡೂ ತಪ್ಪು ಲೆಕ್ಕ.

ನನ್ನಂಥ ಹಳ್ಳಿ ಹುಡುಗರ ಬಿಇ ಕಥೆಯೂ ಇಷ್ಟೇ. ಕಷ್ಟಪಟ್ಟು ಓದಿದ್ದು ಸುಳ್ಳಲ್ಲ. ಆದರೆ ಸಿಇಟಿಯಿಂದ ಸಿಕ್ಕ ಕಡಿಮೆ ಶುಲ್ಕದ ಸೀಟೂ ಬೇಕಾಯ್ತು, ಕಾಲೇಜಿಗೇ ಬಂದು ಕೆಲಸ ಕೊಡೋ ಕಂಪನಿಗಳೂ ಬೇಕಾಯ್ತು. ಲೆಕ್ಕದಲ್ಲಿ ನಮಗಿಂತ ಚುರುಕಾಗಿದ್ದ ಎಷ್ಟೋ ಅಣ್ಣಂದಿರು, ಅಕ್ಕಂದಿರು ಹದಿನೈದು ವರ್ಷ ಮೊದಲು ಹುಟ್ಟಿದ್ದಕ್ಕೆ ಊರಲ್ಲೇ ಉಳಿದರು.

ಹಿಂದೆ ಕಣದಲ್ಲಿ ರಾಶಿ ಆದಮೇಲೆ ನೇಗಿಲು ಮಾಡಿದ ಬಡಗಿಗೆ, ಕುಳ ತಟ್ಟಿದ ಕಮ್ಮಾರನಿಗೆ ಪಾಲು ಅಳೆದುಕೊಟ್ಟೇ ಉಳಿದದ್ದನ್ನು ಮನೆಗೆ ತರ್ತಿದ್ದರು. ಅದನ್ನು ಯಾರೂ ದಾನ ಅಂತಿರಲಿಲ್ಲ. ಆಯ ಅಂತಿದ್ದರು, ಅವರಿಗೆ ಸಲ್ಲಬೇಕಾದ್ದು. ಗೆದ್ದ ಕಂಪನಿಗಳೂ, ಅವುಗಳ ಸಂಬಳ ತಿನ್ನೋ ನಾವೂ ಊರಿಗೆ, ಸರಕಾರಿ ಶಾಲೆಗೆ, ಸಮಾಜಕ್ಕೆ ಕೊಡೋದನ್ನ ಆ ಲೆಕ್ಕದಲ್ಲೇ ಬರೆಯೋದು ಸರಿ.