ಅಜ್ಜಿ ಗೇರು

ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರ ನಡುವೆ ಯಾರೂ ಬರೆದಿಡದ ಒಂದು ಮೇಲು-ಕೀಳಿದೆ. ಏರು ಶುರುವಾದೊಡನೆ ಅತಿ ಹಗುರ ಗೇರಿಗೆ ಹಾಕಿಕೊಂಡವರು ಕೆಳಗಿನವರು. ಭಾರದ ಗೇರಿನಲ್ಲೇ, ಸೀಟಿನಿಂದೆದ್ದು, ಹಲ್ಲು ಕಚ್ಚಿ ತುಳಿಯುವವರು ಮೇಲಿನವರು. ಹಗುರ ಗೇರಿಗೆ ‘ಗ್ರ್ಯಾನಿ ಗೇರ್’ ಎಂಬ ಹೆಸರೇ ಇದೆ, ಅಂದರೆ ಅಜ್ಜಿ ಗೇರು. ಅಜ್ಜಿ ಬೆಟ್ಟ ಹತ್ತಿದರೆ ಅದು ದೊಡ್ಡ ಮಾತಲ್ಲವೇ ಎಂದು ಯಾರೂ ಕೇಳುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಮುಂದೆ 39, ಹಿಂದೆ 25 ಹಲ್ಲುಗಳಿರುವ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ರೋಡ್ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. ಮುಂದೆಯೂ ಹಿಂದೆಯೂ 34 ಹಲ್ಲುಗಳಿದ್ದರೆ ಸುಮಾರು 2.1 ಮೀಟರ್. ಏರಿನಲ್ಲಿ ಗಂಟೆಗೆ 9 ಕಿಲೋಮೀಟರ್ ವೇಗ ಕಾಯ್ದುಕೊಳ್ಳಲು ಮೊದಲನೆಯದರಲ್ಲಿ ನಿಮಿಷಕ್ಕೆ 46 ಸುತ್ತು ತುಳಿಯಬೇಕು, ಎರಡನೆಯದರಲ್ಲಿ 71. ಬೆಟ್ಟ ಅದೇ, ಮೈಭಾರ ಅದೇ, ವೇಗವೂ ಅದೇ. ಹಾಗಾಗಿ ಬೆಟ್ಟಕ್ಕೆ ಸಲ್ಲಬೇಕಾದ ಕೆಲಸವೂ ಅಷ್ಟೇ. ಗೇರು ಸಾಲ ಮನ್ನಾ ಮಾಡುವುದಿಲ್ಲ, ಕಂತುಗಳನ್ನು ಸಣ್ಣದು ಮಾಡುತ್ತದೆ. ದೊಡ್ಡ ಕಂತು ಕಟ್ಟುವವರ ಮಂಡಿ ಅದರ ಬಡ್ಡಿ ತೆರುತ್ತದೆ.

ಆದರೂ ಈ ತಾತ್ಸಾರಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. 1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್, ಅದಕ್ಕೆ ಒಂದು ವರ್ಷ ಮೊದಲೇ, ಬದಲಾಗುವ ಗೇರುಗಳು 45 ದಾಟಿದವರಿಗೆ ಮಾತ್ರ ಸರಿ ಎಂಬರ್ಥದಲ್ಲಿ ಬರೆದಿದ್ದ. ಯಂತ್ರದ ಉಪಾಯಕ್ಕಿಂತ ಸ್ನಾಯುಬಲದಿಂದ ಗೆಲ್ಲುವುದೇ ಮೇಲೆಂಬುದು ಅವನ ವಾದ. ಪ್ರಮುಖ ಸ್ಪರ್ಧಿಗಳಿಗೆ ಓಡುತ್ತಿರುವಾಗಲೇ ಗೇರು ಬದಲಿಸುವ ಡಿರೈಲರ್ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಹಿಂಚಕ್ರದ ಎರಡೂ ಬದಿಗೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರ ಇಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಳಿಗೆ ಮರಗಟ್ಟಿದ ಬೆರಳಿನಿಂದ ನಟ್ಟು ಬಿಚ್ಚಿ, ಚಕ್ರವನ್ನು ತಿರುಗಿಸಿ ಹಾಕಿಕೊಳ್ಳಬೇಕಿತ್ತು.

ದೆಗ್ರಾಂಜನನ್ನು ನೋಡಿ ನಗುವುದು ಸುಲಭ. ನಾನು ಅವನನ್ನು ಅರ್ಧ ಒಪ್ಪುತ್ತೇನೆ. ಬೇಕಿಲ್ಲದ ಅಡ್ಡಿಗಳನ್ನು ಸ್ವಇಚ್ಛೆಯಿಂದ ದಾಟಲು ಹೊರಡುವುದೇ ಆಟ ಎಂದು ಬರ್ನಾರ್ಡ್ ಸೂಟ್ಸ್ 1978ರ ‘ದಿ ಗ್ರಾಸ್‌ಹಾಪರ್’ನಲ್ಲಿ ವಾದಿಸುತ್ತಾನೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡಿದರೆ ಗೋಲು ಸುಲಭ, ಆದರೆ ಅದು ಫುಟ್‌ಬಾಲ್ ಅಲ್ಲ. ಹಾಗೆ ನೋಡಿದರೆ ಗೇರು ನಿಷೇಧವೂ ಒಂದು ಆಟದ ನಿಯಮ, ಅಷ್ಟೆ. ಯಾವಾಗ ಇಳಿದು ಚಕ್ರ ತಿರುಗಿಸಬೇಕು ಎಂಬ ತೀರ್ಮಾನವೂ ಆಗ ಒಂದು ಜಾಣ್ಮೆಯೇ ಆಗಿತ್ತು. ತಕರಾರಿರುವುದು ಆ ನಿಯಮ ಪಂದ್ಯದ ಗೆರೆ ದಾಟಿ ಮನುಷ್ಯರನ್ನು ಅಳೆಯುವ ಕೋಲಾದಾಗ. ಅವನ ಮಾತಿನಲ್ಲಿರುವ ‘45 ದಾಟಿದವರು’ ಯಾರು? ಮುದುಕರು, ದಪ್ಪಗಿರುವವರು, ಕಾಯಿಲೆಯಿಂದ ಎದ್ದವರು, ಹೊಸದಾಗಿ ಕಲಿತವರು. ಅವರ ದಾರಿಗೆ ನಾಚಿಕೆಯ ಹೆಸರಿಟ್ಟರೆ ಬೆಟ್ಟದಿಂದಲೇ ಅವರನ್ನು ಹೊರಗಿಟ್ಟಂತೆ. ಇನ್ನೊಂದು ತಮಾಷೆ: ಪೆಡಲ್ ಸುತ್ತೊಂದಕ್ಕೆ 7.93 ಮೀಟರ್‌ಗಿಂತ ಹೆಚ್ಚು ಓಡುವ ಗೇರನ್ನು ಕಿರಿಯರ ಸ್ಪರ್ಧೆಗಳಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಬಹುಕಾಲ ನಿಷೇಧಿಸಿತ್ತು. ಅಲ್ಲಿ ಕಡಿವಾಣ ಬಿದ್ದದ್ದು ಭಾರದ ಗೇರಿಗೆ.

ನೋವನ್ನೇ ಸಾಧನೆ ಎಂದುಕೊಳ್ಳುವ ಚಟ ಸೈಕಲ್‌ನವರಿಗೆ ಮಾತ್ರ ಇದೆ ಎಂದುಕೊಳ್ಳಬೇಡಿ. ಟಿಪ್ಪಣಿ ನೋಡದೆ ಪಂಪನನ್ನು ಓದಿದವರೇ ನಿಜವಾದ ಓದುಗರು ಎಂಬ ಮಾತು ಸಾಹಿತ್ಯ ವಿಭಾಗಗಳ ಕಾರಿಡಾರಿನಲ್ಲಿ ಈಗಲೂ ಕೇಳಿಬರುತ್ತದೆ. ಅರ್ಥಕೋಶ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡೇ ಪದ್ಯ ಓದುವ ಬಿ.ಎ. ವಿದ್ಯಾರ್ಥಿಯೂ ಅದೇ ಏರನ್ನು ತನ್ನ ಕಾಲಿನಿಂದಲೇ ಹತ್ತುತ್ತಾಳೆ. ಗದ್ಯಾನುವಾದವನ್ನಷ್ಟೇ ಓದಿ ಪಂಪ ಮುಗಿಯಿತು ಅನ್ನುವುದು ಬೇರೆ. ಅಲ್ಲಿ ತುಳಿದವರು ಬೇರೆಯವರು, ಅದು ಮೋಟಾರು. ಇವೆರಡರ ನಡುವೆ, ಪದ ಬಿಡಿಸಿ, ಅನ್ವಯವನ್ನೂ ಮಾಡಿಕೊಡುವ ಆವೃತ್ತಿಗಳಿವೆ. ಅವು ಗೇರೋ ಮೋಟಾರೋ ಎಂಬ ಬಗ್ಗೆ ನಮ್ಮಲ್ಲಿ ಕ್ಯಾಂಟೀನಿನ ಚಹಾ ಆರುವವರೆಗೂ ಜಗಳ ನಡೆಯುತ್ತದೆ.