ಹೆಸರು ಹೇಳುವ ಹಕ್ಕು: ಕಾರ್ಪೇಥಿಯನ್ ಪರ್ವತದ ರುಸಿನರು ಮತ್ತು ನಮ್ಮ ನಯವಿಚಾರ

ಅನೇಕಾಂತವನ್ನು ವಿವರಿಸಬೇಕಾದಾಗ ನಾವು ಮೊದಲು ನೆನೆಯುವುದು ಆನೆ ಮತ್ತು ಕುರುಡರ ದೃಷ್ಟಾಂತವನ್ನು. ಪಾಠಶಾಲೆಯ ಮಕ್ಕಳಿಗೂ ಅದು ಬಾಯಿಪಾಠ. ಕಾಲನ್ನು ಮುಟ್ಟಿದವನು ಕಂಬವೆಂದನು, ಕಿವಿಯನ್ನು ಮುಟ್ಟಿದವನು ಮೊರವೆಂದನು, ಬಾಲವನ್ನು ಹಿಡಿದವನು ಹಗ್ಗವೆಂದನು. ಒಬ್ಬೊಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಯಾರ ಮಾತೂ ಪೂರ್ಣಸತ್ಯವಲ್ಲ. ದೃಷ್ಟಾಂತವು ಉಚಿತವಾಗಿಯೇ ಇದೆ. ಆದರೆ ಅದರಲ್ಲಿ ಆನೆಯು ಮಾತನಾಡುವುದಿಲ್ಲ. ವಿಚಾರದ ವಸ್ತುವು ಒಂದು ಜನಸಮುದಾಯವಾಗಿ, ಆ ಜನರು ತಾವು ಯಾರೆಂಬುದನ್ನು ತಾವೇ ಹೇಳತೊಡಗಿದಾಗ ಉಳಿದವರ ಕರ್ತವ್ಯವೇನು?

ಈ ಪ್ರಶ್ನೆಯನ್ನು ನಮ್ಮಿಂದ ಬಹುದೂರದ ಒಂದು ನಾಡಿನ ಇತಿಹಾಸದಲ್ಲಿ ಪರಿಶೀಲಿಸುವುದು ಲೇಸು. ಅಲ್ಲಿ ನಮಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಆದುದರಿಂದ ನಿರ್ಣಯವು ಸ್ವಲ್ಪಮಟ್ಟಿಗಾದರೂ ನಿಷ್ಪಕ್ಷಪಾತವಾಗಿರಬಹುದು.

ಯೂರೋಪಿನ ಮಧ್ಯಭಾಗದಲ್ಲಿ ಕಾರ್ಪೇಥಿಯನ್ ಪರ್ವತಶ್ರೇಣಿಯಿದೆ. ಅದರ ಇಕ್ಕೆಲಗಳ ಹಳ್ಳಿಗಳಲ್ಲಿ ರುಸಿನರು ಎಂಬ ಜನರು ಶತಮಾನಗಳಿಂದ ವಾಸಿಸುತ್ತ ಬಂದಿದ್ದಾರೆ. ಅವರದು ಪೂರ್ವ ಸ್ಲಾವ್ ಕುಲದ ಭಾಷೆ. ಧರ್ಮವು ಪೂರ್ವಪದ್ಧತಿಯ ಕ್ರೈಸ್ತಧರ್ಮ. ಅವರಿಗೆ ಸ್ವಂತ ರಾಜ್ಯವೆಂಬುದು ಇರಲಿಲ್ಲ. ದಕ್ಷಿಣದ ಇಳಿಜಾರು 1918ರವರೆಗೆ ಹಂಗೆರಿಯ ರಾಜ್ಯದಲ್ಲಿತ್ತು. ಬಳಿಕ ಚೆಕೊಸ್ಲೊವಾಕಿಯಕ್ಕೆ ಸೇರಿತು. 1939ರಲ್ಲಿ ಮತ್ತೆ ಹಂಗೆರಿಯ ವಶವಾಯಿತು. 1945ರಲ್ಲಿ ಸೋವಿಯತ್ ಒಕ್ಕೂಟಕ್ಕೂ, 1991ರಲ್ಲಿ ಸ್ವತಂತ್ರ ಉಕ್ರೇನಿಗೂ ಸೇರಿತು. ತನ್ನ ಹಳ್ಳಿಯನ್ನು ಬಿಟ್ಟು ಕದಲದ ವೃದ್ಧನೊಬ್ಬನು ಒಂದೇ ಆಯುಷ್ಯದಲ್ಲಿ ಐದು ರಾಜ್ಯಗಳ ಪ್ರಜೆಯಾಗಿರಬಹುದಾಗಿತ್ತು. ಇಂದು ಈ ಭಾಗವು ಉಕ್ರೇನಿನ ಅತ್ಯಂತ ಪಶ್ಚಿಮದ ಪ್ರಾಂತವಾದ ಝಕಾರ್‌ಪಾತ್ಯ. ಉಝ್‌ಹೊರೊದ್ ಅದರ ಮುಖ್ಯ ಪಟ್ಟಣ. ಸ್ಲೊವಾಕಿಯ, ಪೋಲೆಂಡ್ ಮತ್ತು ಸರ್ಬಿಯಗಳಲ್ಲಿಯೂ ರುಸಿನರಿದ್ದಾರೆ. ಪೋಲೆಂಡಿನಲ್ಲಿ ಅವರನ್ನು ಲೆಮ್ಕೊ ಎಂದು ಕರೆಯುತ್ತಾರೆ.

ಅವರ ವಿಷಯದಲ್ಲಿ ಎರಡು ವಿವಾದಗಳುಂಟು. ಇವೆರಡನ್ನೂ ಕಲಸಿಬಿಡುವುದರಿಂದಲೇ ಬಹಳಷ್ಟು ತೊಡಕು ಹುಟ್ಟಿದೆ. ಮೊದಲನೆಯದು ಹೆಸರಿನದು: ರುಸಿನರು ಬೇರೆಯೇ ಒಂದು ಜನಾಂಗವೋ, ಅಥವಾ ಉಕ್ರೇನಿಯನ್ನರ ಒಂದು ಶಾಖೆಯೋ? ಎರಡನೆಯದು ಆಡಳಿತದ್ದು: ಆ ಪ್ರಾಂತಕ್ಕೆ ಸ್ವಾಯತ್ತತೆ ಇರಬೇಕೋ, ಬೇಡವೋ?

ಮೊದಲನೆಯ ವಿವಾದದಲ್ಲಿ ಎರಡು ಪಕ್ಷಗಳ ಮಾತಿಗೂ ಆಧಾರವಿದೆ. ಉಕ್ರೇನಿನ ವಿದ್ವಾಂಸರು ಹೇಳುವುದೇನೆಂದರೆ, ರುಸಿನ್ ಎಂಬುದು ಹಳೆಯ ಹೆಸರು. ಗಲೀಷಿಯದ ಉಕ್ರೇನಿಯನ್ನರೂ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ತಮ್ಮನ್ನು ರುಸಿನರೆಂದೇ ಕರೆದುಕೊಳ್ಳುತ್ತಿದ್ದರು. ಪರ್ವತದ ಆಚೆಯವರು ಹಳೆಯ ಹೆಸರನ್ನು ಉಳಿಸಿಕೊಂಡ ಮಾತ್ರಕ್ಕೆ ಬೇರೆ ಜನಾಂಗವಾಗುವುದಿಲ್ಲ. ರುಸಿನ್ ಪಕ್ಷದವರ ಉತ್ತರ ಬೇರೆ. ಶತಮಾನಗಳ ಕಾಲ ಹಂಗೆರಿಯ ರಾಜ್ಯದಲ್ಲಿ ಬಾಳಿದ ತಮ್ಮ ಇತಿಹಾಸ, ನುಡಿ, ನೆನಪುಗಳು ಬೇರೆಯಾಗಿವೆ ಎಂದು ಅವರು ಹೇಳುತ್ತಾರೆ. ಸ್ಲೊವಾಕಿಯದಲ್ಲಿ 1995ರ ಜನವರಿಯಲ್ಲಿ ರುಸಿನ್ ಬರಹಭಾಷೆಯ ಪ್ರಮಾಣೀಕರಣವನ್ನು ವಿಧ್ಯುಕ್ತವಾಗಿ ಘೋಷಿಸಲಾಯಿತು. ಸರ್ಬಿಯದ ವೊಯ್ವೊದಿನ ಪ್ರಾಂತದಲ್ಲಿ ಅಲ್ಲಿಯ ರುಸಿನರ ನುಡಿಯು ಆಡಳಿತಭಾಷೆಗಳಲ್ಲಿ ಒಂದಾಗಿದೆ. ಹತ್ತೊಂಬತ್ತನೆಯ ಶತಮಾನದ ಪಾದ್ರಿಕವಿ ಒಲೆಕ್ಸಾಂದರ್ ದುಖ್ನೊವಿಚ್ ಅವರನ್ನು ಎರಡೂ ಪಕ್ಷದವರು ತಮ್ಮವರೆಂದು ಗೌರವಿಸುತ್ತಾರೆ. ರುಸಿನರು ಪ್ರತ್ಯೇಕ ಜನಾಂಗವೆಂಬ ಇತಿಹಾಸವನ್ನು ವಿಸ್ತಾರವಾಗಿ ಬರೆದ ಪಾಲ್ ರಾಬರ್ಟ್ ಮಗೋಚಿಯವರು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಉಕ್ರೇನ್ ಅಧ್ಯಯನ ಪೀಠವನ್ನು ಅಲಂಕರಿಸಿದವರು. ಉಕ್ರೇನಿನ ಇತಿಹಾಸವನ್ನೂ ಅವರು ಬರೆದಿದ್ದಾರೆ.

ನಮ್ಮ ಆಚಾರ್ಯರು ಇದನ್ನು ಎರಡು ನಯಗಳ ಮೂಲಕ ತಿಳಿಯಪಡಿಸುತ್ತಿದ್ದರು. ಸಾಮಾನ್ಯವನ್ನು ಹಿಡಿದು ಅನೇಕವನ್ನು ಒಂದೆಂದು ಕಾಣುವುದು ಸಂಗ್ರಹನಯ; ಆ ಒಂದರೊಳಗಿನ ಭೇದವನ್ನು ವಿಂಗಡಿಸಿ ಕಾಣುವುದು ವ್ಯವಹಾರನಯ. ಪೂರ್ವ ಸ್ಲಾವರ ಸಾಮ್ಯವನ್ನು ಕಾಣುವವನು ಸಂಗ್ರಹನಯದಿಂದ ನುಡಿಯುತ್ತಾನೆ. ಪರ್ವತದ ಹಳ್ಳಿಯ ವೈಶಿಷ್ಟ್ಯವನ್ನು ಕಾಣುವವನು ವ್ಯವಹಾರನಯದಿಂದ ನುಡಿಯುತ್ತಾನೆ. ಎರಡೂ ನಯಗಳೇ. ದೋಷವು ಹುಟ್ಟುವುದು ‘ಮಾತ್ರ’ ಎಂಬ ಒಂದು ಪದದಿಂದ. ‘ನೀವು ಉಕ್ರೇನಿಯನ್ನರು ಮಾತ್ರ, ಬೇರೆ ಏನೂ ಅಲ್ಲ’ ಎಂದೊಡನೆ ನಯವು ದುರ್ನಯವಾಗುತ್ತದೆ. ‘ಉಕ್ರೇನಿಯನ್ನರಿಗೂ ನಮಗೂ ಯಾವ ಸಂಬಂಧವೂ ಇಲ್ಲ’ ಎಂದರೂ ಅದು ಅಷ್ಟೇ ದುರ್ನಯ.

ಆದರೆ ಇಲ್ಲಿಗೆ ನಿಂತರೆ ನಾವು ಆನೆಯನ್ನು ಮೂಕವಾಗಿಯೇ ಬಿಟ್ಟಂತೆ. ಇದು ಕೇವಲ ಜ್ಞಾನದ ಪ್ರಶ್ನೆಯಲ್ಲ, ವ್ರತದ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ ಮೂರು ಅಂಗಗಳನ್ನು ಹೇಳಿದ್ದಾರೆ: ಸ್ಥೂಲವಾದ ಅಸತ್ಯವನ್ನು ತಾನು ನುಡಿಯದಿರುವುದು, ಪರರಿಂದ ನುಡಿಸದಿರುವುದು, ಮತ್ತು ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯದಿರುವುದು. ಈ ಮೂರರಲ್ಲಿ ಎರಡನೆಯದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಪರರಿಂದ ಅಸತ್ಯವನ್ನು ನುಡಿಸುವುದೆಂದರೆ ಏನೆಂಬುದನ್ನು ರುಸಿನರ ಚರಿತ್ರೆಯು ತೋರಿಸುತ್ತದೆ. 1945ರ ನಂತರ ಸೋವಿಯತ್ ಆಡಳಿತವು ರುಸಿನ್ ಎಂಬ ಜನಾಂಗವೇ ಇಲ್ಲವೆಂದು ತೀರ್ಮಾನಿಸಿ, ಅವರೆಲ್ಲರನ್ನೂ ಉಕ್ರೇನಿಯನ್ನರೆಂದು ದಾಖಲಿಸಿತು. ಅವರ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೂ 1949ರಲ್ಲಿ ರದ್ದುಪಡಿಸಿತು. ಅದಕ್ಕೆ ಮುನ್ನ 1947ರಲ್ಲಿ ಬಿಷಪ್ ಥಿಯೊಡೋರ್ ರೊಮ್‌ಝಾ ಅವರ ಹತ್ಯೆಯಾಯಿತು. ಪೋಲೆಂಡಿನಲ್ಲಿ ಅದೇ 1947ರಲ್ಲಿ ‘ವಿಸ್ಲಾ’ ಎಂಬ ಕಾರ್ಯಾಚರಣೆಯ ಮೂಲಕ ಸುಮಾರು 1,40,000 ಉಕ್ರೇನಿಯನ್ನರನ್ನೂ ಲೆಮ್ಕೊಗಳನ್ನೂ ಅವರ ಹಳ್ಳಿಗಳಿಂದ ಎಬ್ಬಿಸಿ ದೇಶದ ಪಶ್ಚಿಮ ಮತ್ತು ಉತ್ತರ ಭಾಗಗಳಲ್ಲಿ ಚದುರಿಸಲಾಯಿತು. ಚೆಕೊಸ್ಲೊವಾಕಿಯದ ಪ್ರೆಶೊವ್ ಪ್ರದೇಶದಲ್ಲಿ 1950ರ ದಶಕದ ಆರಂಭದಿಂದ ರುಸಿನರ ಶಾಲೆಗಳಲ್ಲಿ ಉಕ್ರೇನಿಯನ್ ಭಾಷೆಯನ್ನು ಹೇರಲಾಯಿತು. ಇದರ ಫಲವು ಚಿಂತನಾರ್ಹ. ಬಲವಂತದಿಂದ ಉಕ್ರೇನಿಯನ್ನರ ಸಂಖ್ಯೆಯು ಹೆಚ್ಚಲಿಲ್ಲ. ‘ಉಕ್ರೇನಿಯನ್’ ಎಂದು ಬರೆಸಲು ಮನಸ್ಸಿಲ್ಲದ ಅನೇಕರು ‘ಸ್ಲೊವಾಕ್’ ಎಂದು ಬರೆಸಿ, ಮಕ್ಕಳನ್ನು ಸ್ಲೊವಾಕ್ ಶಾಲೆಗೆ ಕಳುಹಿಸಿದರು. ಒಂದು ಹೆಸರನ್ನು ಅಳಿಸಲು ಹೊರಟವರು ತಾವು ಕೊಟ್ಟ ಹೆಸರನ್ನೂ ಕಳೆದುಕೊಂಡರು.

1989ರಲ್ಲಿ ಆ ಆಡಳಿತವು ಬಿದ್ದ ಬಳಿಕ ಸ್ಲೊವಾಕಿಯದಲ್ಲಿ ‘ರುಸಿನ್’ ಎಂದು ಬರೆಸಲು ಅವಕಾಶವಾಯಿತು. 2001ರ ಜನಗಣತಿಯಲ್ಲಿ 24,201 ಮಂದಿ, 2011ರಲ್ಲಿ 33,482 ಮಂದಿ ಹಾಗೆ ಬರೆಸಿದರು. ಹತ್ತು ವರ್ಷಗಳಲ್ಲಿ ಇಷ್ಟು ಮಕ್ಕಳು ಹುಟ್ಟಿರಲಿಲ್ಲ. ಸುಮ್ಮನಿದ್ದವರು ಬಾಯಿ ತೆರೆದಿದ್ದರು, ಅಷ್ಟೆ. ಉಕ್ರೇನಿನಲ್ಲಿ 2001ರ ಜನಗಣತಿಯಲ್ಲಿ ಹತ್ತು ಸಾವಿರಕ್ಕೆ ತುಸು ಮಿಕ್ಕವರು ರುಸಿನರೆಂದು ಬರೆಸಿದರು. ಗಣತಿಯ ವರ್ಗೀಕರಣದಲ್ಲಿ ಅವರನ್ನು ಉಕ್ರೇನಿಯನ್ನರ ಒಳಗುಂಪೆಂದೇ ಎಣಿಸಲಾಯಿತು. ಸುಮಾರು ಹನ್ನೆರಡೂವರೆ ಲಕ್ಷ ಜನರಿರುವ ಪ್ರಾಂತದಲ್ಲಿ ಇದು ಅಲ್ಪಸಂಖ್ಯೆಯೇ ಸರಿ. ಬಹುಪಾಲು ಜನರು ತಮ್ಮನ್ನು ಉಕ್ರೇನಿಯನ್ನರೆಂದೇ ಹೇಳಿಕೊಂಡರು. ಅವರ ಮಾತನ್ನೂ ನಾವು ಹಾಗೆಯೇ ನಂಬಬೇಕು. ಆದರೆ ಆತ್ಮಸಾಕ್ಷಿಯ ಮಾತಿಗೆ ಬಹುಮತವು ಪ್ರಮಾಣವಲ್ಲ. 2007ರ ಮಾರ್ಚಿಯಲ್ಲಿ ಆ ಪ್ರಾಂತದ ಪರಿಷತ್ತೇ ರುಸಿನರನ್ನು ಪ್ರತ್ಯೇಕ ಜನಾಂಗವೆಂದು ಮನ್ನಿಸಿತು. ಕೀವ್ ನಗರದ ಸರ್ಕಾರವು ಮನ್ನಿಸಲಿಲ್ಲ.

ಇದರಲ್ಲಿ ಖೇದಕರವಾದ ಸಂಗತಿಯೊಂದಿದೆ. ಉಕ್ರೇನಿಯನ್ನರೇ ಇಂತಹ ನಿರಾಕರಣೆಯನ್ನು ದೀರ್ಘಕಾಲ ಅನುಭವಿಸಿದವರು. ರಷ್ಯದ ಚಕ್ರಾಧಿಪತ್ಯದ ಮಂತ್ರಿ ವಾಲುಯೆವ್ 1863ರ ಸುತ್ತೋಲೆಯಲ್ಲಿ ಅವರ ಭಾಷೆಗೆ ಪ್ರತ್ಯೇಕ ಅಸ್ತಿತ್ವವೇ ಇಲ್ಲವೆಂಬ ನಿಲುವನ್ನು ಮುಂದಿಟ್ಟನು. 1876ರ ಏಮ್ಸ್ ಆಜ್ಞೆಯು ಆ ಭಾಷೆಯ ಮುದ್ರಣವನ್ನು ಬಹುಮಟ್ಟಿಗೆ ನಿಷೇಧಿಸಿತು. ‘ನೀವು ನಮ್ಮ ಒಂದು ಶಾಖೆ ಮಾತ್ರ’ ಎಂಬ ಮಾತು ಹೇಗೆ ಚುಚ್ಚುವುದೆಂದು ಅರಿತವರೇ ಅದನ್ನು ತಮಗಿಂತ ಚಿಕ್ಕವರಿಗೆ ಹೇಳಿದರು. ನೋವನ್ನು ಉಂಡವರಿಗೆ ಕರುಣೆಯು ತಾನಾಗಿ ಬರುವುದಿಲ್ಲ, ಅದನ್ನು ಅಭ್ಯಾಸಮಾಡಬೇಕು.

ಇನ್ನು ಸ್ವಾಯತ್ತತೆಯ ವಿಷಯ. ಇದು ಕೊಟ್ಟ ವಚನ ಮತ್ತು ಮುರಿದ ವಚನಗಳ ಕಥೆ. 1919ರ ಸೆಪ್ಟೆಂಬರಿನ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ ಚೆಕೊಸ್ಲೊವಾಕಿಯವು ಈ ಪ್ರಾಂತಕ್ಕೆ ವಿಶಾಲವಾದ ಸ್ವಾಯತ್ತತೆಯನ್ನು ವಾಗ್ದಾನಮಾಡಿತು. ಅಮೆರಿಕದ ಪಿಟ್ಸ್‌ಬರ್ಗಿನಿಂದ ಬಂದು ಮೊದಲ ರಾಜ್ಯಪಾಲರಾದ ಗ್ರೆಗರಿ ಝಾಟ್ಕೊವಿಚ್ ಎಂಬ ವಕೀಲರು, ಆ ಮಾತು ನಡೆಯುವುದಿಲ್ಲವೆಂದು ಕಂಡು 1921ರಲ್ಲಿ ರಾಜೀನಾಮೆಯಿತ್ತರು. ಸ್ವಾಯತ್ತತೆಯು ದೊರೆತುದು 1938ರ ಅಕ್ಟೋಬರಿನಲ್ಲಿ, ಮ್ಯೂನಿಕ್ ಒಪ್ಪಂದದ ನಂತರ, ಕೊಡುವ ರಾಜ್ಯವೇ ಕುಸಿಯುತ್ತಿದ್ದಾಗ. 1939ರ ಮಾರ್ಚ್ 15ರಂದು ಖುಸ್ತ್ ಪಟ್ಟಣದಲ್ಲಿ ಅವ್ಹುಸ್ತಿನ್ ವೊಲೊಶಿನ್ ಎಂಬ ಪಾದ್ರಿಯ ನೇತೃತ್ವದಲ್ಲಿ ‘ಕಾರ್ಪಾಥೊ ಉಕ್ರೇನ್’ ಸ್ವತಂತ್ರವೆಂದು ಘೋಷಿಸಲ್ಪಟ್ಟಿತು. ಕೆಲವೇ ದಿನಗಳಲ್ಲಿ ಹಂಗೆರಿಯ ಸೈನ್ಯವು ಅದನ್ನು ಆಕ್ರಮಿಸಿತು. ವೊಲೊಶಿನ್ 1945ರಲ್ಲಿ ಮಾಸ್ಕೊದ ಸೆರೆಮನೆಯಲ್ಲಿ ತೀರಿಕೊಂಡರು. 1991ರ ಡಿಸೆಂಬರ್ 1ರಂದು ಉಕ್ರೇನಿನ ಸ್ವಾತಂತ್ರ್ಯಕ್ಕಾಗಿ ಜನಮತ ನಡೆದಾಗ, ಝಕಾರ್‌ಪಾತ್ಯದಲ್ಲಿ ಶೇಕಡ 92ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಒಪ್ಪಿಗೆಯಿತ್ತರು. ಅದೇ ದಿನ ಶೇಕಡ 78ರಷ್ಟು ಮಂದಿ ಪ್ರಾಂತಕ್ಕೆ ಸ್ವಯಮಾಡಳಿತ ಬೇಕೆಂದರು. ಮೊದಲನೆಯ ಉತ್ತರವು ಅಂಗೀಕೃತವಾಯಿತು. ಎರಡನೆಯದು ಜಾರಿಗೆ ಬರಲಿಲ್ಲ. ಈ ಬೇಡಿಕೆಯು ರುಸಿನರದು ಮಾತ್ರವಲ್ಲ, ಅಲ್ಲಿಯ ಹಂಗೆರಿಯನ್ನರೂ ಉಕ್ರೇನಿಯನ್ನರೂ ಕೂಡಿ ಮುಂದಿಟ್ಟದ್ದು ಎಂಬುದನ್ನು ಮರೆಯಬಾರದು.

ಕೀವ್ ಸರ್ಕಾರದ ಅಂಜಿಕೆಯನ್ನೂ ನ್ಯಾಯವಾಗಿ ತೂಗಬೇಕು. ಹೊಸದಾಗಿ ಹುಟ್ಟಿದ ದೇಶವು ಒಂದು ಅಂಚನ್ನು ಸಡಿಲಿಸಿದರೆ ಎಲ್ಲ ಅಂಚುಗಳೂ ಬಿಚ್ಚಿಕೊಳ್ಳುವುವೆಂದು ಭಯಪಟ್ಟಿತು. ಆ ಭಯಕ್ಕೆ ಆಧಾರವೂ ದೊರೆಯಿತು. 2008ರ ಅಕ್ಟೋಬರಿನಲ್ಲಿ ಮುಕಾಚೆವೊ ಪಟ್ಟಣದಲ್ಲಿ ಒಂದು ಗುಂಪು ರುಸಿನ್ ರಾಜ್ಯದ ಪುನಃಸ್ಥಾಪನೆಯನ್ನು ಘೋಷಿಸಿತು. ರುಸಿನ್ ಸಂಘಟನೆಗಳೆಲ್ಲ ಅದನ್ನು ಒಪ್ಪಿರಲಿಲ್ಲ. 2021ರ ಜುಲೈಯಲ್ಲಿ ರಷ್ಯದ ಅಧ್ಯಕ್ಷರು ಪ್ರಕಟಿಸಿದ ಲೇಖನವೊಂದರಲ್ಲಿ, ಉಕ್ರೇನಿಯನ್ನರು ರಷ್ಯನ್ನರಿಂದ ಬೇರೆ ಜನಾಂಗವಲ್ಲವೆಂದು ವಾದಿಸುತ್ತಲೇ, ರುಸಿನರ ನೆರವೇರದ ಬಯಕೆಯನ್ನು ಪ್ರಸ್ತಾಪಿಸಿದರು. ಏಳು ತಿಂಗಳ ನಂತರ, 2022ರ ಫೆಬ್ರವರಿಯಲ್ಲಿ, ಅವರ ಸೈನ್ಯವು ಉಕ್ರೇನನ್ನು ಹೊಕ್ಕಿತು.

ಸಮಂತಭದ್ರರ ಮೂರನೆಯ ಮಾತು ಇಲ್ಲಿ ಬೆಳಕು ಕೊಡುತ್ತದೆ. ರುಸಿನರಿಗೆ ಅನ್ಯಾಯವಾಯಿತೆಂಬುದು ಸತ್ಯ. ಆದರೆ ನೆರೆಯವನ ಮನೆಗೆ ಬೆಂಕಿಯಿಡುವವನು ಆ ಸತ್ಯವನ್ನು ಹಿಡಿದರೆ ಅದು ಅವನ ಕೈಯಲ್ಲಿ ಕೊಳ್ಳಿಯಾಗುತ್ತದೆ, ದೀಪವಾಗುವುದಿಲ್ಲ. ಹಾಗಾದರೆ ಯುದ್ಧಕಾಲದಲ್ಲಿ ರುಸಿನನು ತನ್ನ ಹೆಸರನ್ನು ನುಂಗಿಕೊಳ್ಳಬೇಕೆ? ಈ ಆಕ್ಷೇಪಕ್ಕೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ವ್ರತವು ಅದನ್ನು ಸ್ವೀಕರಿಸಿದವನನ್ನು ಕಟ್ಟುತ್ತದೆ. ಇನ್ನೊಬ್ಬನ ಬಾಯಿಗೆ ಹಾಕುವ ಬೀಗವಲ್ಲ. ತನ್ನ ಮಾತಿನಿಂದ ವಿಪತ್ತು ಬರಬಹುದೆಂದು ರುಸಿನನು ತಾನೇ ವಿವೇಚಿಸಿ ಮಿತವಾಗಿ ನುಡಿದರೆ ಅದು ಅವನ ಸಂಯಮ. ‘ನಿನ್ನ ಹೆಸರು ವಿಪತ್ತು, ಸುಮ್ಮನಿರು’ ಎಂದು ಬಲಶಾಲಿಯು ಆಜ್ಞಾಪಿಸಿದರೆ ಅದು ಅಸತ್ಯವನ್ನು ನುಡಿಸಿದಂತೆಯೇ. ವಸ್ತುತಃ, ಮನೆಯೊಳಗೆ ಮನ್ನಣೆ ಪಡೆದವನ ನೋವನ್ನು ಹೊರಗಿನವನು ಮಾರಲಾರನು. ಹೆಸರನ್ನು ಕೊಡುವುದರಿಂದ ನೆಲವು ಹೋಗುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಿದ್ದರೆ ಬಹಳಷ್ಟು ಕಹಿಯು ತಪ್ಪುತ್ತಿತ್ತು.

ಧರ್ಮಬಂಧುಗಳಿಗೆ ಈ ಚರ್ಚೆಯು ಅಪರಿಚಿತವೆನಿಸಲಾರದು. ‘ಜೈನರು ಪ್ರತ್ಯೇಕರಲ್ಲ, ಒಂದು ಶಾಖೆ ಮಾತ್ರ’ ಎಂಬ ಮಾತನ್ನು ನಾವೂ ಕೇಳಿದ್ದೇವೆ. 2011ರ ಜನಗಣತಿಯಲ್ಲಿ ನಮ್ಮ ಸಂಖ್ಯೆಯು ದೇಶದಲ್ಲಿ 44.5 ಲಕ್ಷ, ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂಬ ಮನ್ನಣೆ ದೊರೆತುದು 2014ರ ಜನವರಿಯಲ್ಲಿ. ನೆರೆಯವರೊಡನೆ ಹಬ್ಬ, ಭಾಷೆ, ನೆಲಗಳನ್ನು ಹಂಚಿಕೊಂಡೂ ನಾವು ಜೈನರಾಗಿದ್ದೇವೆ, ಎರಡೂ ನಿಜ. ಆದರೆ ಈ ಲೇಖನವು ಆ ಹಕ್ಕನ್ನು ಸಾಧಿಸುವುದಕ್ಕಾಗಿ ಬರೆದುದಲ್ಲ. ದೊಡ್ಡವರ ಮುಂದೆ ಚಿಕ್ಕವರಾದ ನಾವು ನಮಗಿಂತ ಚಿಕ್ಕವರ ಮುಂದೆ ದೊಡ್ಡವರಾಗಿದ್ದೇವೆ. ನಮ್ಮ ಬಸದಿಯ ಟ್ರಸ್ಟುಗಳಲ್ಲಿ, ಸಂಘಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ, ಒಳಪಂಗಡಗಳ ಕೆಲವೇ ಮನೆಗಳವರು ತಮ್ಮ ಪದ್ಧತಿಯನ್ನೋ ಹೆಸರನ್ನೋ ಹೇಳಿದಾಗ ‘ಎಲ್ಲರೂ ಒಂದೇ ತಾನೆ, ಬೇರೆ ಏಕೆ?’ ಎಂದು ನಾವು ನಗುತ್ತ ಸುಮ್ಮನಾಗಿಸಿದ್ದೇವೆಯೆ? ಸಂಗ್ರಹನಯದ ಆ ಮಾತು ಸಿಹಿಯಾಗಿದೆ. ಆದರೆ ಅದನ್ನು ಹೇಳುವವರು ಯಾವಾಗಲೂ ಸಂಖ್ಯೆಯಲ್ಲಿ ಹೆಚ್ಚಿನವರೇ ಆಗಿರುತ್ತಾರೆಂಬುದನ್ನು ಗಮನಿಸಬೇಕು.

ಮುಂದಿನ ಸಭೆಯಲ್ಲಿ ಸದಸ್ಯರ ಪಟ್ಟಿಯನ್ನು ಓದುವಾಗ, ಯಾರ ಹೆಸರನ್ನು ಅವರನ್ನೇ ಕೇಳಿ ಬರೆದಿದ್ದೇವೆ, ಯಾರ ಹೆಸರನ್ನು ಕೇಳದೆ ಬರೆದಿದ್ದೇವೆ ಎಂದು ಒಮ್ಮೆ ವಿಚಾರಿಸಿಕೊಂಡರೆ, ಸತ್ಯಾಣುವ್ರತದ ಎರಡನೆಯ ಅಂಗವು ಅಷ್ಟರಮಟ್ಟಿಗೆ ಪಾಲಿಸಲ್ಪಟ್ಟಂತಾಗುವುದು.