ಹೊಸ್ತಿಲ ಮುಂದಿನ ನೀರು

ಮಳೆಗಾಗಿ ಕಪ್ಪೆ ಮೆರವಣಿಗೆ ಮಾಡುವ ಸೀಮೆಯವರು ಮಳೆಗೆ ಹೆದರುತ್ತಾರೆಂದರೆ ಹೊರಗಿನವರು ನಗುತ್ತಾರೆ. ವೈ.ಎನ್.ಹೊಸಕೋಟೆ ಇರುವ ಪಾವಗಡ ತಾಲ್ಲೂಕಿನಲ್ಲಿ ವರ್ಷಕ್ಕೆ ಬೀಳುವುದೇ 500–600 ಮಿಲಿಮೀಟರು. ಆದರೆ ಅದು ಹದವರಿತು ಬೀಳುವುದಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದ ಮಳೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಎರಡೇ ರಾತ್ರಿಯಲ್ಲಿ ಹಳೆಯ ಬಾಕಿಯನ್ನೆಲ್ಲ ತೀರಿಸಿ ಹೋಗುತ್ತದೆ.

ಅದಕ್ಕೆ ಸಿದ್ಧತೆ ಮಾಡಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಮಾಳಿಗೆಗೆ ಚೌಳು ಮಣ್ಣು ಹೊದಿಸಿ ತುಳಿಯುವುದು, ನೀರು ಬೀಳುವ ದೋಣಿಯ ಕಸ ತೆಗೆಯುವುದು, ಕಡಲೆಕಾಯಿ ಬಳ್ಳಿಯ ಬಣವೆಗೆ ಹಗ್ಗ ಬಿಗಿಯುವುದು. ಈಗ ತಗಡು ಬಂದಿದೆ. ಅದರ ಮೇಲೆ ಕಲ್ಲು ಹೇರುತ್ತೇವೆ. ತೋಟದಲ್ಲಿ ಕೃಷಿ ಹೊಂಡವಿದ್ದವರು ಹಾಳೆಯ ಅಂಚು ಮಣ್ಣಲ್ಲಿ ಹೂತು, ಮಕ್ಕಳು ಜಾರದಂತೆ ಬೇಲಿ ಹಾಕಬೇಕು. ಇದೆಲ್ಲ ಜಾಣತನದ ಮಾತು. ಇದರಲ್ಲಿ ಪಾಪಪುಣ್ಯದ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನೂ 2021ರ ನವೆಂಬರಿನವರೆಗೆ ಹಾಗೆಯೇ ಅಂದುಕೊಂಡಿದ್ದೆ.

ಆ ತಿಂಗಳು ದಕ್ಷಿಣ ಒಳನಾಡಿನಲ್ಲೆಲ್ಲ ಮಳೆ ಹಿಡಿದು, ಮಣ್ಣಿನ ಗೋಡೆಗಳು ನೆನೆದು ಕೂತವು. ನಾನು ಮುಂಚೆಯೇ ಎಚ್ಚರಗೊಂಡವನು. ಆರು ಚೀಲ ಮರಳು ತರಿಸಿ ಬಾಗಿಲ ಮುಂದೆ ಎದೆಯುಬ್ಬಿಸಿ ಅಡ್ಡ ಇಟ್ಟೆ. ರಾತ್ರಿ ಬೀದಿಯ ನೀರು ಬಂತು, ಚೀಲಕ್ಕೆ ಹಾಯಿತು, ತಿರುಗಿ ಹೋಯಿತು. ಹೊಸ್ತಿಲು ಒಣಗಿಯೇ ಇತ್ತು. ನೆಮ್ಮದಿಯಾಗಿ ನಿದ್ದೆ ಮಾಡಿದೆ.

ತಿರುಗಿದ ನೀರು ಹೋದದ್ದು ಇಳಿಜಾರಿನಲ್ಲಿರುವ ನೇಕಾರರ ಮನೆಗೆ. ನಮ್ಮೂರು ರೇಷ್ಮೆ ಸೀರೆಯ ಊರು. ಅವರದು ಗುಂಡಿಮಗ್ಗ, ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ನೀರಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿ ತುಂಬಿ, ಹಾಸಿಗೆ ಕೆಸರು ಸಿಡಿದು, ಬಣ್ಣ ಬಿಟ್ಟಿತ್ತು. ರೇಷ್ಮೆ ಅವರದಲ್ಲ, ಕೂಲಿಗೆ ಕೊಟ್ಟವರದು. ಗಂಡಹೆಂಡಿರು ಚೊಂಬಿನಲ್ಲಿ ನೀರು ಮೊಗೆಯುತ್ತಿದ್ದರು. "ಬನ್ನಿ ಮೇಷ್ಟ್ರೇ, ನಿಮ್ಮನೇಗೆ ಬರ್ಲಿಲ್ಲ ತಾನೆ?" ಎಂದು ಆಕೆ ವಿಚಾರಿಸಿಕೊಂಡರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ತಪ್ಪು ಮಾಡಿದೆನೇ? ಮನಸ್ಸು ವಕೀಲಿಗೆ ನಿಂತಿತು. ನೀರು ನಾನು ತಂದದ್ದಲ್ಲ, ಅವರ ಮನೆ ತಗ್ಗಿನಲ್ಲಿರುವುದೂ ನನ್ನಿಂದಲ್ಲ. ಕಾನೂನಿನಲ್ಲೂ ಆಸರೆ ಹುಡುಕಿದೆ. 1882ರ ಅನುಭೋಗದ ಹಕ್ಕುಗಳ ಕಾಯಿದೆಯ ಪ್ರಕಾರ ಮೇಲಿನ ನೆಲದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವನು ಬಿಟ್ಟುಕೊಳ್ಳಬೇಕು. ಓದಿ ಒಂದು ಗಳಿಗೆ ಹಗುರಾಯಿತು. ಆಮೇಲೆ ಆ 'ಸಹಜವಾಗಿ' ಎಂಬ ಮಾತು ಕಚ್ಚಿಕೊಂಡಿತು. ಆರು ಚೀಲ ಮರಳು ಸಹಜವೇ? ಪರದೇಶದ ಕೆಲವು ಕೋರ್ಟುಗಳು ಮಳೆನೀರನ್ನು ಎಲ್ಲರ ಶತ್ರು ಎಂದು ಕರೆದು, ಯಾರು ಹೇಗಾದರೂ ಹೊಡೆದಟ್ಟಬಹುದು ಎಂದವಂತೆ. ರೋಮಿನವರು ಮಾತ್ರ ಬಹು ಹಿಂದೆಯೇ, ಕಟ್ಟೆ ಕಟ್ಟಿ ನೆರೆಯವನ ಮೇಲೆ ಮಳೆನೀರು ತಿರುಗಿಸಿದವನ ವಿರುದ್ಧ ದಾವೆಗೆ ಅವಕಾಶ ಇಟ್ಟಿದ್ದರು. ನನ್ನ ಮೇಲೆ ಯಾರೂ ದಾವೆ ಹೂಡಲಿಲ್ಲ. ಅದೇ ಕಷ್ಟ.

ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿಯ ಜೊತೆಗೇ ಕೋಡಿಯನ್ನೂ ಯೋಚಿಸುತ್ತಿದ್ದರು. ತುಂಬಿದರೆ ನೀರು ಎಲ್ಲಿ ಹೋಗಬೇಕು, ಯಾವ ಹಳ್ಳಕ್ಕೆ, ಕೆಳಗಿನ ಯಾವ ಕೆರೆಗೆ ಎಂಬುದು ಮೊದಲೇ ತೀರ್ಮಾನ. ನಾನು ಏರಿ ಕಟ್ಟಿದೆ, ಕೋಡಿಯನ್ನು ಕತ್ತಲೆಗೆ ಬಿಟ್ಟೆ. ನನಗೆ ತಿಳಿದಿರಲಿಲ್ಲ ಎಂಬುದು ನಿಜ. ತಿಳಿಯಲು ಹತ್ತು ಹೆಜ್ಜೆ ನಡೆದರೆ ಸಾಕಿತ್ತು ಎಂಬುದೂ ನಿಜ.

ಹಾಳಾದ ಹಾಸಿನ ಲೆಕ್ಕದಲ್ಲಿ ಅರ್ಧ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಚರಂಡಿ ಹೂಳು ತೆಗೆಯೋಕೆ ಬನ್ನಿ" ಎಂದರು. ಚಿತ್ತೆ ಮಳೆಗೆ ಮುಂಚೆ ಇಬ್ಬರೂ ಗುದ್ದಲಿ ಹಿಡಿದು ಇಳಿದೆವು. ನಾನು ಚೀಲ ಅಡ್ಡ ಇಡುವುದನ್ನು ಬಿಟ್ಟೆ. ಅವರು ಹೊಸ್ತಿಲನ್ನು ಒಂದು ಗೇಣು ಎತ್ತರಿಸಿಕೊಂಡರು. ಅವರ ಕೆಳಗೆ ಒಬ್ಬ ಮುದುಕಿಯ ಮನೆಯಿದೆ. ಚರಂಡಿ ಅಲ್ಲಿಗೆ ಮುಟ್ಟುವ ಮೊದಲೇ ಮುಗಿಯುತ್ತದೆ.